ಕಡ್ಡಿ ಪೂರ್ತಿ ಇದ್ದರೂ ಮಾತು ಕಡಿಯುವುದೇಕೆ? ನಿಸ್ತಂತು ಜಾಲದಲ್ಲಿ ಬಳಕೆದಾರರ ಪರಸ್ಪರ ಅಡ್ಡಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಿಸ್ತಂತು ಸಂವಹನ ಕಲಿಸುತ್ತೇನೆ. ಸೇಡಂ, ಆಳಂದ, ಅಫಜಲಪುರ, ಚಿತ್ತಾಪುರದ ಕಡೆಯಿಂದ ಬರುವ ನನ್ನ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಪರೀಕ್ಷೆಯಲ್ಲಿ ಸೂತ್ರ ಬರೆದು ಅಂಕ ಪಡೆಯುತ್ತಾರೆ. ಆದರೆ ಊರಿಗೆ ಹೋದಾಗ ಅಪ್ಪ "ಟವರ್ ಹೊಲದ ಬದುವಿನಲ್ಲೇ ಇದೆಯಲ್ಲ, ಮಾತು ಯಾಕೆ ಕಡಿಯುತ್ತದೆ?" ಎಂದು ಕೇಳಿದರೆ ತಡವರಿಸುತ್ತಾರೆ. ಅವರು ನನ್ನ ಬಳಿ ತಂದ ಪ್ರಶ್ನೆಗಳನ್ನೂ ಊರಿನವರು ಕೇಳಿದ ಪ್ರಶ್ನೆಗಳನ್ನೂ ಇಲ್ಲಿ ಒಟ್ಟುಗೂಡಿಸಿದ್ದೇನೆ.

ಪದಗಳ ಬಗ್ಗೆ ಮೊದಲೇ ಒಂದು ಮಾತು. ಭೌತಶಾಸ್ತ್ರದ ಪಠ್ಯದಲ್ಲಿ 'ವ್ಯತಿಕರಣ' ಎಂಬ ಪದವಿದೆ. ಅದು ಬೆಳಕಿನ ಅಲೆಗಳು ಕೂಡಿ ಕಪ್ಪು-ಬಿಳುಪು ಪಟ್ಟಿ ಮೂಡಿಸುವ ವಿಷಯಕ್ಕೆ ಸರಿ. ಇಲ್ಲಿ ನಾವು ನೋಡುತ್ತಿರುವುದು ಒಬ್ಬರ ಸಂದೇಶ ಇನ್ನೊಬ್ಬರ ಸಂದೇಶದ ಮೇಲೆ ಬೀಳುವುದನ್ನು. ಅದನ್ನು 'ಅಡ್ಡಿ' ಎನ್ನುತ್ತೇನೆ.

ಜಾತ್ರೆಯಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ ಇರುತ್ತದೆ, ಆದರೂ ಕರೆ ಹೋಗುವುದಿಲ್ಲ. ಏಕೆ?

ಹೋಳಿಯ ಬೆನ್ನಿಗೆ ಬರುವ ಶರಣಬಸವೇಶ್ವರರ ರಥೋತ್ಸವಕ್ಕೆ ಒಮ್ಮೆ ಇಬ್ಬರು ವಿದ್ಯಾರ್ಥಿಗಳೊಂದಿಗೆ ಹೋಗಿದ್ದೆ. ಮೊಬೈಲಿನಲ್ಲಿ ಅಳತೆಯ ಆ್ಯಪ್ ತೆರೆದಿಟ್ಟುಕೊಂಡಿದ್ದೆವು. ಮಧ್ಯಾಹ್ನ ದೇವಸ್ಥಾನದ ಮುಂದೆ ನಿಂತಾಗ ಆರ್‌ಎಸ್‌ಆರ್‌ಪಿ, ಅಂದರೆ ನಮ್ಮ ಟವರಿನಿಂದ ಬರುವ ಗುರುತಿನ ಸಂಕೇತದ ಬಲ, ಮೈನಸ್ 71 ಡಿಬಿಎಂ ಇತ್ತು (ಡಿಬಿಎಂ ಎಂದರೆ ಒಂದು ಮಿಲಿವ್ಯಾಟ್‌ಗೆ ಹೋಲಿಸಿ ಡೆಸಿಬಲ್‌ನಲ್ಲಿ ಹೇಳುವ ಶಕ್ತಿ; ಪ್ರತಿ 10 ಡೆಸಿಬಲ್‌ಗೆ ಹತ್ತು ಪಟ್ಟು). ಎಸ್‌ಐಎನ್‌ಆರ್, ಅಂದರೆ ಬೇಕಾದ ಸಂಕೇತ ಬೇಡವಾದದ್ದಕ್ಕಿಂತ ಎಷ್ಟು ಜೋರು ಎಂಬ ಅಳತೆ, 17 ಡೆಸಿಬಲ್. ಸಂಜೆ ತೇರು ಹೊರಟು ಜನ ಉತ್ತತ್ತಿ ಎಸೆಯತೊಡಗಿದಾಗ ಅದೇ ಜಾಗದಲ್ಲಿ ಮೊದಲ ಸಂಖ್ಯೆ ಮೈನಸ್ 72. ಹೆಚ್ಚುಕಡಿಮೆ ಅಷ್ಟೇ. ಎರಡನೆಯದು ಮಾತ್ರ ಮೈನಸ್ 2ಕ್ಕೆ ಕುಸಿದಿತ್ತು. ಫೋಟೊ ಒಂದೂ ಹೋಗಲಿಲ್ಲ.

ಪರದೆಯ ಮೇಲಿನ ಕಡ್ಡಿಗಳು ಮುಖ್ಯವಾಗಿ ಮೊದಲ ಸಂಖ್ಯೆಯನ್ನು ತೋರಿಸುತ್ತವೆ. ನಿಮ್ಮ ಟವರ್ ಎಷ್ಟು ಗಟ್ಟಿಯಾಗಿ ಕೇಳಿಸುತ್ತಿದೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಉಳಿದವರು ಎಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದಾರೆ ಎಂಬುದನ್ನು ಕಡ್ಡಿ ಹೇಳುವುದೇ ಇಲ್ಲ. ಮಧ್ಯಾಹ್ನ ಪಕ್ಕದ ಟವರುಗಳು ಬಹುಪಾಲು ಖಾಲಿ ಇದ್ದವು, ಆದ್ದರಿಂದ ಕಡಿಮೆ ಪ್ರಸಾರ ಮಾಡುತ್ತಿದ್ದವು. ಸಂಜೆ ಎಲ್ಲವೂ ತುಂಬಿಕೊಂಡು ಒಂದರ ಮೇಲೊಂದು ಬಿದ್ದವು.

ಜಾತ್ರೆಯಲ್ಲಿ ಇನ್ನೊಂದು ತೊಂದರೆಯೂ ಸೇರಿಕೊಳ್ಳುತ್ತದೆ. 4ಜಿ ಜಾಲದಲ್ಲಿ ಮೊಬೈಲ್ ಟವರಿನ ಬಾಗಿಲು ತಟ್ಟುವಾಗ ಒಂದು ಸಣ್ಣ ಗುರುತಿನ ಸಂಕೇತವನ್ನು ಕಳುಹಿಸುತ್ತದೆ. ಒಂದು ಸೆಲ್‌ನಲ್ಲಿ, ಅಂದರೆ ಒಂದು ಟವರ್ ಸೇವೆ ಕೊಡುವ ಪ್ರದೇಶದಲ್ಲಿ, ಇಂತಹ ಸಂಕೇತಗಳು 64 ಮಾತ್ರ. ಇಬ್ಬರು ಒಂದೇ ಗಳಿಗೆಯಲ್ಲಿ ಒಂದೇ ಸಂಕೇತವನ್ನು ಆರಿಸಿಕೊಂಡರೆ ಡಿಕ್ಕಿ. ಸ್ವಲ್ಪ ತಡೆದು ಮತ್ತೆ ತಟ್ಟಬೇಕು. ಸಾವಿರಾರು ಜನ ಒಟ್ಟಿಗೆ ತಟ್ಟುತ್ತಿದ್ದರೆ ಬಾಗಿಲಲ್ಲೇ ನೂಕುನುಗ್ಗಲು.

ಗದ್ದಲ ಮತ್ತು ಅಡ್ಡಿ ಎರಡೂ ಒಂದೇ ಅಲ್ಲವೇ?

ಅಲ್ಲ. ಈ ಪುಟದಲ್ಲಿ ಒಂದೇ ಒಂದು ಉತ್ತರವನ್ನು ನೆನಪಿಟ್ಟುಕೊಳ್ಳುವಿರಾದರೆ ಇದನ್ನು ಇಟ್ಟುಕೊಳ್ಳಿ.

ಗದ್ದಲ ಎಂದರೆ ನಾಯ್ಸ್. ಬಿಸಿಯಿರುವ ಪ್ರತಿಯೊಂದು ವಸ್ತುವಿನಲ್ಲೂ ಎಲೆಕ್ಟ್ರಾನುಗಳು ಅಡ್ಡಾದಿಡ್ಡಿ ಓಡಾಡುವುದರಿಂದ ಹುಟ್ಟುವ ಸದ್ದು ಅದು. ಅದರಲ್ಲಿ ಅರ್ಥವಿಲ್ಲ, ಲಯವಿಲ್ಲ. ಕೋಣೆಯ ಉಷ್ಣತೆಯಲ್ಲಿ ಅದರ ಬಲ ಪ್ರತಿ ಹರ್ಟ್ಸ್‌ಗೆ ಮೈನಸ್ 174 ಡಿಬಿಎಂ. 20 ಮೆಗಾಹರ್ಟ್ಸ್ ಅಗಲದ ಚಾನೆಲ್‌ಗೆ ಮೈನಸ್ 101 ಡಿಬಿಎಂ. ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಾರೆ: "ಸರ್, ನಮ್ಮ ಬೇಸಿಗೆಯಲ್ಲಿ ಇದು ವಿಪರೀತ ಏರಬೇಕಲ್ಲ?" ಒಳ್ಳೆಯ ಪ್ರಶ್ನೆ. 45 ಡಿಗ್ರಿ ಸೆಲ್ಸಿಯಸ್ ಎಂದರೆ 318 ಕೆಲ್ವಿನ್. ಲೆಕ್ಕಕ್ಕೆ ಹಿಡಿಯುವ 290 ಕೆಲ್ವಿನ್‌ಗೆ ಹೋಲಿಸಿದರೆ ಹೆಚ್ಚಳ ಕೇವಲ 0.4 ಡೆಸಿಬಲ್. ಮೇ ತಿಂಗಳ ಬಿಸಿಲು ನಮ್ಮನ್ನು ಬೇಯಿಸುತ್ತದೆ, ಆದರೆ ರೇಡಿಯೊ ಗದ್ದಲವನ್ನು ಅಷ್ಟೇನೂ ಹೆಚ್ಚಿಸುವುದಿಲ್ಲ.

ಅಡ್ಡಿ ಹಾಗಲ್ಲ. ಅದು ಇನ್ನೊಬ್ಬರ ಮಾತು. ಅದಕ್ಕೆ ವ್ಯಾಕರಣವಿದೆ, ಆರಂಭ-ಅಂತ್ಯಗಳಿವೆ, ಗುರುತು ಹಿಡಿಯಬಹುದಾದ ವಿನ್ಯಾಸವಿದೆ. ಅರ್ಥವಿಲ್ಲದ ಸದ್ದನ್ನು ಸಹಿಸಿಕೊಳ್ಳಬೇಕು. ಅರ್ಥವಿರುವ ಮಾತನ್ನು ಮೊದಲು ಕೇಳಿಸಿಕೊಂಡು, ಆಮೇಲೆ ಪಕ್ಕಕ್ಕಿಡಬಹುದು. ಬಹುಬಳಕೆದಾರ ಅಡ್ಡಿಯ ವಿಶ್ಲೇಷಣೆ ನಿಂತಿರುವುದು ಈ ಭೇದದ ಮೇಲೆ.

ಅಡ್ಡಿಯನ್ನು ಲೆಕ್ಕ ಹಾಕುವುದು ಹೇಗೆ? ಉದಾಹರಣೆ ಕೊಡಿ.

ಎಸ್‌ಐಎನ್‌ಆರ್ ಎಂದರೆ ಬೇಕಾದ ಸಂಕೇತದ ಶಕ್ತಿಯನ್ನು ಅಡ್ಡಿ ಮತ್ತು ಗದ್ದಲಗಳ ಮೊತ್ತದಿಂದ ಭಾಗಿಸಿದಾಗ ಬರುವ ಸಂಖ್ಯೆ. ಡೆಸಿಬಲ್‌ಗಳನ್ನು ನೇರವಾಗಿ ಕೂಡಬಾರದು. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಮೊದಲು ವ್ಯಾಟ್‌ಗೆ ಇಳಿಸಿ, ಆಮೇಲೆ ಕೂಡಿ.

ನಿಮ್ಮ ಟವರಿನಿಂದ ಮೈನಸ್ 80 ಡಿಬಿಎಂ ಬರುತ್ತಿದೆ ಎನ್ನೋಣ. ಅದು 10 ಪಿಕೋವ್ಯಾಟ್. ಪಕ್ಕದ ಎರಡು ಟವರುಗಳಿಂದ ಮೈನಸ್ 86 ಮತ್ತು ಮೈನಸ್ 89, ಅಂದರೆ 2.51 ಮತ್ತು 1.26 ಪಿಕೋವ್ಯಾಟ್. ಗದ್ದಲ ಮೈನಸ್ 101, ಅಂದರೆ 0.08. ಬೇಡವಾದದ್ದರ ಮೊತ್ತ 3.85. ಹತ್ತನ್ನು ಇದರಿಂದ ಭಾಗಿಸಿದರೆ 2.6, ಅಂದರೆ ಸುಮಾರು 4 ಡೆಸಿಬಲ್.

ಒಂದು ಚಾನೆಲ್ ಗರಿಷ್ಠ ಎಷ್ಟು ಮಾಹಿತಿ ಸಾಗಿಸಬಲ್ಲದು ಎಂದು ಹೇಳುವ, ಕ್ಲಾಡ್ ಶಾನನ್ 1948ರಲ್ಲಿ ಕೊಟ್ಟ ಸೂತ್ರದಲ್ಲಿ ಇದನ್ನು ಹಾಕಿ: ಒಂದಕ್ಕೆ 2.6 ಕೂಡಿಸಿ, 2ನ್ನು ಆಧಾರವಾಗಿ ಇಟ್ಟುಕೊಂಡು ಲಾಗರಿದಮ್ ತೆಗೆದರೆ 1.85. ಪ್ರತಿ ಹರ್ಟ್ಸ್‌ಗೆ ಸೆಕೆಂಡಿಗೆ ಇಷ್ಟು ಬಿಟ್. 20 ಮೆಗಾಹರ್ಟ್ಸ್‌ಗೆ ಸುಮಾರು 37 ಮೆಗಾಬಿಟ್ ಗರಿಷ್ಠ ಮಿತಿ. ನೆರೆಯ ಟವರುಗಳು ಇಲ್ಲದೆ ಗದ್ದಲ ಮಾತ್ರ ಇದ್ದಿದ್ದರೆ? ಅನುಪಾತ 126, ಮಿತಿ ಸುಮಾರು 140 ಮೆಗಾಬಿಟ್. ನೂರು ಮೆಗಾಬಿಟ್ ತಿಂದದ್ದು ಗದ್ದಲವಲ್ಲ, ನೆರೆಯವರು.

ಹಾಗಾದರೆ ಟವರಿನ ಶಕ್ತಿಯನ್ನು ಹೆಚ್ಚಿಸಿದರೆ ಆಯಿತಲ್ಲ?

ಮೇಲಿನ ಲೆಕ್ಕದಲ್ಲೇ ಮೂರೂ ಟವರುಗಳ ಶಕ್ತಿಯನ್ನು ಇಮ್ಮಡಿ ಮಾಡಿ ನೋಡಿ. ಮೇಲೆ 20, ಕೆಳಗೆ 7.62. ಉತ್ತರ 2.62. ಮೊದಲು 2.60 ಇತ್ತು. ವಿದ್ಯುತ್ ಎರಡು ಪಟ್ಟು ಸುಟ್ಟು ಗಳಿಸಿದ್ದು ಇಷ್ಟೇ. ಒಂದೇ ಟವರ್ ಹೆಚ್ಚಿಸಿದರೆ ಅದರ ಗ್ರಾಹಕರಿಗೆ ಲಾಭ, ಪಕ್ಕದವರಿಗೆ ಅಷ್ಟೇ ನಷ್ಟ. ಊರ ಹೊರಗೆ ಒಂಟಿಯಾಗಿ ನಿಂತ ಟವರಿನ ಅಂಚಿನಲ್ಲಿ, ಗದ್ದಲವೇ ಮುಖ್ಯ ಶತ್ರುವಾಗಿರುವಲ್ಲಿ, ಶಕ್ತಿ ಹೆಚ್ಚಿಸುವುದರಿಂದ ನಿಜವಾಗಿ ಉಪಯೋಗವಿದೆ. ಟವರುಗಳು ಒತ್ತೊತ್ತಾಗಿರುವ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಸುತ್ತಮುತ್ತ ಇಲ್ಲ.

ಒಂದೇ ಆವರ್ತನವನ್ನು ಎಲ್ಲರಿಗೂ ಕೊಡುವ ಬದಲು ಬೇರೆ ಬೇರೆ ಕೊಟ್ಟರೆ?

ಮೊದಲಿಗೆ ಮಾಡಿದ್ದು ಅದನ್ನೇ. 1947ರಲ್ಲಿ ಬೆಲ್ ಪ್ರಯೋಗಾಲಯದ ಡಗ್ಲಸ್ ರಿಂಗ್ ಮತ್ತು ರೇ ಯಂಗ್ ಪ್ರದೇಶವನ್ನು ಜೇನುಗೂಡಿನಂತೆ ಷಟ್ಕೋನದ ಕೋಶಗಳಾಗಿ (ಇವೇ ಸೆಲ್‌ಗಳು) ಹಂಚುವ ಆಲೋಚನೆ ಮಂಡಿಸಿದರು. ಪಕ್ಕಪಕ್ಕದ ಕೋಶಗಳಿಗೆ ಬೇರೆ ಆವರ್ತನ. ದೂರದ ಕೋಶಕ್ಕೆ ಅದೇ ಆವರ್ತನ ಮತ್ತೆ. ಏಳರ ಗುಂಪು ಮಾಡಿದರೆ ಒಂದೇ ಆವರ್ತನದ ಎರಡು ಟವರುಗಳ ನಡುವಿನ ದೂರ ಕೋಶದ ತ್ರಿಜ್ಯದ 4.58 ಪಟ್ಟು ಆಗುತ್ತದೆ. ದೂರದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಸಂಕೇತ ಕ್ಷೀಣಿಸುತ್ತದೆ ಎಂದು ಹಿಡಿದರೆ, ಸುತ್ತಲಿನ ಆರು ಟವರುಗಳ ಅಡ್ಡಿಯನ್ನು ಕೂಡಿದ ಮೇಲೂ ಅನುಪಾತ 18.7 ಡೆಸಿಬಲ್ ಉಳಿಯುತ್ತದೆ.

ಆದರೆ ಜೇವರ್ಗಿ ರಸ್ತೆಯ ಆಚೆಗಿನ ಬಯಲನ್ನು ನೆನೆಸಿಕೊಳ್ಳಿ. ಎರೆಭೂಮಿ, ತೊಗರಿ ಹೊಲ, ಕಣ್ಣು ಹಾಯುವಷ್ಟು ದೂರ ಸಪಾಟು. ಅಂತಹ ಕಡೆ ಘಾತ ನಾಲ್ಕಕ್ಕಿಂತ ಕಡಿಮೆ ಇರುತ್ತದೆ. ಮೂರು ಎಂದು ಹಿಡಿದರೆ ಅದೇ 18.7 ಇಳಿದು 12 ಡೆಸಿಬಲ್ ಆಗುತ್ತದೆ. ಬಯಲಿನಲ್ಲಿ ನಮ್ಮ ಟವರ್ ದೂರ ಕೇಳಿಸುತ್ತದೆ ಎಂದು ಸಂತೋಷಪಡುತ್ತೇವೆ; ಇನ್ನೊಂದು ಊರಿನ ಟವರ್ ಕೂಡ ಅಷ್ಟೇ ದೂರ ಕೇಳಿಸುತ್ತದೆ. ಪಠ್ಯಪುಸ್ತಕದ ನಾಲ್ಕನ್ನು ಕಣ್ಣು ಮುಚ್ಚಿ ಹಾಕಬೇಡಿ ಎಂದು ನಾನು ಪಟ್ಟು ಹಿಡಿದು ಹೇಳುವುದು ಇದಕ್ಕೇ.

ಈ ಉಪಾಯಕ್ಕೆ ತೆರಬೇಕಾದ ಬೆಲೆಯೂ ಇದೆ: ಪ್ರತಿ ಕೋಶಕ್ಕೆ ತರಂಗಗುಚ್ಛದ (ಸ್ಪೆಕ್ಟ್ರಮ್) ಏಳನೆಯ ಒಂದು ಭಾಗ ಮಾತ್ರ ಸಿಗುತ್ತದೆ. ಅದಕ್ಕೇ 3ಜಿ, 4ಜಿಗಳಲ್ಲಿ ಎಲ್ಲ ಟವರುಗಳೂ ಒಂದೇ ಆವರ್ತನವನ್ನು ಬಳಸುತ್ತವೆ, ಅಡ್ಡಿಯನ್ನು ಬೇರೆ ದಾರಿಯಿಂದ ನಿಭಾಯಿಸುತ್ತವೆ.

ಸಿಡಿಎಂಎಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರೂ ಬೇರ್ಪಡಿಸುತ್ತಾರಂತೆ. ಹೇಗೆ?

ಸಿಡಿಎಂಎ ಎಂದರೆ ಒಂದೇ ಆವರ್ತನದಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಸಂಕೇತಮಾಲೆ ಕೊಡುವ ವಿಧಾನ; 3ಜಿಯಲ್ಲಿ ಇರುವುದು ಇದೇ. ಕಾಗದ ತೆಗೆದುಕೊಳ್ಳಿ. ಮಲ್ಲಮ್ಮನಿಗೆ ಕೊಟ್ಟ ಸಂಕೇತಮಾಲೆ +1, +1, −1, −1. ರಶೀದನಿಗೆ ಕೊಟ್ಟದ್ದು +1, −1, −1, +1. ಮಲ್ಲಮ್ಮ ಕಳುಹಿಸಬೇಕಾದ ಬಿಟ್ +1. ತನ್ನ ಮಾಲೆಯನ್ನು ಹಾಗೆಯೇ ಕಳುಹಿಸುತ್ತಾಳೆ. ರಶೀದನ ಬಿಟ್ −1. ತನ್ನ ಮಾಲೆಯ ಚಿಹ್ನೆಗಳನ್ನು ತಿರುಗಿಸಿ ಕಳುಹಿಸುತ್ತಾನೆ. ಗಾಳಿಯಲ್ಲಿ ಎರಡೂ ಕೂಡಿ ಟವರಿಗೆ ತಲುಪುವುದು 0, 2, 0, −2. ನೋಡಿದರೆ ಕಲಸುಮೇಲೋಗರ. ಈಗ ಅದನ್ನು ಮಲ್ಲಮ್ಮನ ಮಾಲೆಯಿಂದ ಒಂದೊಂದಾಗಿ ಗುಣಿಸಿ ಕೂಡಿಸಿ: 0+2+0+2, ಅಂದರೆ 4. ನಾಲ್ಕರಿಂದ ಭಾಗಿಸಿದರೆ +1. ರಶೀದನ ಮಾಲೆಯಿಂದ ಗುಣಿಸಿದರೆ −4, ಅಂದರೆ −1. ಇಬ್ಬರ ಮಾತೂ ಚೊಕ್ಕವಾಗಿ ಸಿಕ್ಕಿತು. ಈ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿದಾಗ ತರಗತಿ ಒಂದು ಕ್ಷಣ ಸ್ತಬ್ಧವಾಗುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಆದರೆ ಮಲ್ಲಮ್ಮನ ಸಂಕೇತ ಒಂದೇ ಒಂದು ಹೆಜ್ಜೆ ತಡವಾಗಿ ಬಂದರೆ? ಅವಳು ಅದೇ ಬಿಟ್ಟನ್ನು ಮತ್ತೆ ಮತ್ತೆ ಕಳುಹಿಸುತ್ತಿದ್ದಾಳೆ ಎನ್ನೋಣ. ತಡವಾದ ಮಾಲೆ −1, +1, +1, −1. ರಶೀದನ ಮಾಲೆಯನ್ನು ತಿರುಗಿಸಿದರೆ ಬರುವುದೂ ಇದೇ! ಮಲ್ಲಮ್ಮನ ಹೌದು ರಶೀದನ ಇಲ್ಲವಾಗಿ ಕೇಳಿಸುತ್ತದೆ. ಟವರಿನಿಂದ ಕೆಳಗೆ ಬರುವ ಸಂಕೇತಗಳು ಒಟ್ಟಿಗೆ ಹೊರಡುವುದರಿಂದ ಈ ಕಷ್ಟ ಕಡಿಮೆ. ಮೊಬೈಲುಗಳಿಂದ ಮೇಲೆ ಹೋಗುವಾಗ ಒಬ್ಬೊಬ್ಬರು ಒಂದೊಂದು ದೂರದಲ್ಲಿರುತ್ತಾರೆ, ಹೊತ್ತು ಹೊಂದುವುದಿಲ್ಲ. ಹಾಗಾಗಿ ಆ ದಿಕ್ಕಿನಲ್ಲಿ ಬಳಕೆದಾರರನ್ನು ಬೇರ್ಪಡಿಸಲು ಯಾದೃಚ್ಛಿಕದಂತೆ ಕಾಣುವ ಉದ್ದನೆಯ ಮಾಲೆಗಳನ್ನು ಬಳಸುತ್ತಾರೆ. ಅವು ಪರಸ್ಪರ ಪೂರ್ತಿ ಸೊನ್ನೆಯಾಗುವುದಿಲ್ಲ, ಸ್ವಲ್ಪ ಅಡ್ಡಿ ಉಳಿದೇ ಉಳಿಯುತ್ತದೆ.

'ಹತ್ತಿರ-ದೂರ' ಸಮಸ್ಯೆ ಎಂದರೇನು?

ಆ ಉಳಿದ ಅಡ್ಡಿಯ ಫಲ. ಒಬ್ಬ ಟವರಿನಿಂದ 100 ಮೀಟರ್, ಇನ್ನೊಬ್ಬಳು ಒಂದು ಕಿಲೋಮೀಟರ್. ನಾಲ್ಕನೆಯ ಘಾತದ ಲೆಕ್ಕದಲ್ಲಿ ಹತ್ತಿರದವನ ಸಂಕೇತ ಹತ್ತು ಸಾವಿರ ಪಟ್ಟು, ಅಂದರೆ 40 ಡೆಸಿಬಲ್, ಜೋರು. 3ಜಿಯಲ್ಲಿ ಸೆಕೆಂಡಿಗೆ 38.4 ಲಕ್ಷ ಹೆಜ್ಜೆಗಳ ಮಾಲೆಯಿಂದ 12.2 ಕಿಲೋಬಿಟ್ ಧ್ವನಿಯನ್ನು ಹರಡಿದಾಗ ಸಿಗುವ ರಕ್ಷಣೆ 25 ಡೆಸಿಬಲ್ ಮಾತ್ರ. ದೂರದವಳ ಮಾತು ಮುಳುಗಿಹೋಗುತ್ತದೆ. ಆದ್ದರಿಂದ ಟವರ್ ಪ್ರತಿ ಮೊಬೈಲಿಗೂ ಸೆಕೆಂಡಿಗೆ 1500 ಸಲ "ಏರಿಸು, ಇಳಿಸು" ಎಂದು ಹೇಳುತ್ತಿರುತ್ತದೆ.

ಬಹುಬಳಕೆದಾರ ಪತ್ತೆ ಎಂದರೆ ಏನು? ಪರೀಕ್ಷೆಗೆ ಮಾತ್ರವೇ, ನಿಜಕ್ಕೂ ಬಳಕೆಯಲ್ಲಿದೆಯೇ?

ಬಹಳ ಕಾಲ ಎಂಜಿನಿಯರುಗಳು ಇತರ ಬಳಕೆದಾರರನ್ನು ಗದ್ದಲವೆಂದೇ ಎಣಿಸಿ ಬಿಟ್ಟಿದ್ದರು. 1986ರಲ್ಲಿ ಸಂಶೋಧಕ ಸೆರ್ಜಿಯೊ ವರ್ದು ಪ್ರಕಟಿಸಿದ ಪ್ರಬಂಧ ಆ ಅಭ್ಯಾಸವನ್ನು ಅಲ್ಲಾಡಿಸಿತು. ಎಲ್ಲರ ಬಿಟ್‌ಗಳನ್ನೂ ಒಟ್ಟಿಗೆ ಊಹಿಸಿ, ಬಂದ ಸಂಕೇತಕ್ಕೆ ಅತಿ ಚೆನ್ನಾಗಿ ಹೊಂದುವ ಜೋಡಣೆಯನ್ನು ಆರಿಸಿದರೆ ಹತ್ತಿರ-ದೂರ ಸಮಸ್ಯೆ ಬಹುಮಟ್ಟಿಗೆ ಕರಗುತ್ತದೆ ಎಂದು ಅವರು ತೋರಿಸಿದರು. ಕಷ್ಟವಿರುವುದು ಎಣಿಕೆಯಲ್ಲಿ. ಹತ್ತು ಜನರಿಗೆ 1024 ಜೋಡಣೆಗಳು. ಮೂವತ್ತು ಜನರಿಗೆ 107 ಕೋಟಿ.

ಅದಕ್ಕಾಗಿ ಸುಲಭದ ದಾರಿಗಳು ಬಂದವು. ಡಿಕೋರಿಲೇಟರ್ ಎಂಬುದು ಸಂಕೇತಮಾಲೆಗಳ ಪರಸ್ಪರ ಸಂಬಂಧದ ಮ್ಯಾಟ್ರಿಕ್ಸನ್ನು ವಿಲೋಮಗೊಳಿಸುತ್ತದೆ. ಅಡ್ಡಿ ಪೂರ್ತಿ ಹೋಗುತ್ತದೆ, ಬದಲಿಗೆ ಗದ್ದಲ ಉಬ್ಬುತ್ತದೆ. ಎಂಎಂಎಸ್‌ಇ, ಅಂದರೆ ಸರಾಸರಿ ವರ್ಗ ದೋಷವನ್ನು ಕನಿಷ್ಠಗೊಳಿಸುವ ವಿಧಾನ, ಎರಡರ ನಡುವೆ ಹದ ಹುಡುಕುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸರದಿಯ ಮೇಲೆ ಅಡ್ಡಿ ಕಳೆಯುವ ವಿಧಾನ, ಎಸ್‌ಐಸಿ.

ಗದ್ದಲ 1, ಮೊದಲನೆಯವನ ಶಕ್ತಿ 40, ಎರಡನೆಯವಳದು 10 ಎನ್ನೋಣ. ಹಳೆಯ ವಿಧಾನದಲ್ಲಿ ಎರಡನೆಯವಳ ಅನುಪಾತ 10ನ್ನು 41ರಿಂದ ಭಾಗಿಸಿದಷ್ಟು. ಸಿಗುವುದು ಪ್ರತಿ ಹರ್ಟ್ಸ್‌ಗೆ 0.3 ಬಿಟ್. ಈಗ ಹೀಗೆ ಮಾಡಿ. ಮೊದಲು ಜೋರಾಗಿರುವವನನ್ನು ಓದಿ: 40ನ್ನು 11ರಿಂದ ಭಾಗಿಸಿದರೆ 3.64, ಅಂದರೆ 2.21 ಬಿಟ್. ಅವನ ಸಂಕೇತವನ್ನು ಹಾಗೆಯೇ ಮತ್ತೆ ಕಟ್ಟಿ, ಬಂದ ಮೊತ್ತದಿಂದ ಕಳೆಯಿರಿ. ಉಳಿದದ್ದು ಎರಡನೆಯವಳು ಮತ್ತು ಗದ್ದಲ ಮಾತ್ರ: ಅನುಪಾತ 10, ಅಂದರೆ 3.46 ಬಿಟ್. ಇಬ್ಬರದೂ ಕೂಡಿದರೆ 5.67. ಇಬ್ಬರ ಶಕ್ತಿಯನ್ನೂ ಸೇರಿಸಿ 50ರ ಶಕ್ತಿಯ ಒಬ್ಬನೇ ಬಳಕೆದಾರ ಇದ್ದಿದ್ದರೆ ಶಾನನ್ ಮಿತಿ ಎಷ್ಟು? ಅದೂ 5.67. ಒಂದು ಕಾಳೂ ಚೆಲ್ಲಲಿಲ್ಲ.

ಎಚ್ಚರವೂ ಬೇಕು. ಮೊದಲನೆಯವನ ಸಂಕೇತದ ಎತ್ತರವನ್ನು ಶೇಕಡಾ 10ರಷ್ಟು ತಪ್ಪಾಗಿ ಅಂದಾಜಿಸಿದರೆ ಅವನ ಶಕ್ತಿಯ ನೂರನೆಯ ಒಂದು ಭಾಗ, ಅಂದರೆ 0.4, ಕಳೆಯದೆ ಉಳಿಯುತ್ತದೆ; ಎರಡನೆಯವಳ ಅನುಪಾತ 10ರಿಂದ 7.1ಕ್ಕೆ ಇಳಿಯುತ್ತದೆ. ಅವನ ಬಿಟ್ಟನ್ನೇ ತಪ್ಪಾಗಿ ಓದಿದರೆ ಅಡ್ಡಿ ಹೋಗುವ ಬದಲು ಹೆಚ್ಚಾಗುತ್ತದೆ. ಇಂದಿನ ಟವರುಗಳ ಗ್ರಾಹಕಯಂತ್ರಗಳಲ್ಲಿ ಎಂಎಂಎಸ್‌ಇ ಮತ್ತು ಅದರ ಬಂಧುಗಳು ದಿನನಿತ್ಯದ ಸಾಮಗ್ರಿ. ಆದ್ದರಿಂದ ಪರೀಕ್ಷೆಗೆ ಮಾತ್ರ ಎಂದು ತಿಳಿಯಬೇಡಿ.

4ಜಿಯಲ್ಲಿ ಅಡ್ಡಿಯೇ ಇಲ್ಲವೆಂದು ಓದಿದ್ದೇನೆ. ಸರಿಯೇ?

ಒಂದೇ ಸೆಲ್ ಒಳಗೆ ಬಹುಮಟ್ಟಿಗೆ ಸರಿ. 15 ಕಿಲೋಹರ್ಟ್ಸ್ ಅಂತರದ ಉಪವಾಹಕಗಳನ್ನು (ಚಾನೆಲ್ ಒಳಗಿನ ಸಣ್ಣ ಸಣ್ಣ ಆವರ್ತನಗಳನ್ನು) ಹನ್ನೆರಡರ ಕಟ್ಟುಗಳಾಗಿ ಹಂಚುತ್ತಾರೆ; ನಿಮ್ಮ ಕಟ್ಟು ನಿಮಗೆ, ಪಕ್ಕದವರದು ಅವರಿಗೆ. ಸೊಲ್ಲಾಪುರದ ಕಡೆಗೆ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಓಡುವ ರೈಲಿನಲ್ಲಿ ಕೂತರೂ 1800 ಮೆಗಾಹರ್ಟ್ಸ್‌ನಲ್ಲಿ ಡಾಪ್ಲರ್ ಪಲ್ಲಟ, ಅಂದರೆ ಓಟದಿಂದ ಆವರ್ತನ ಸರಿಯುವುದು, ಸುಮಾರು 183 ಹರ್ಟ್ಸ್. ಹದಿನೈದು ಸಾವಿರದ ಮುಂದೆ ಅದು ಅಲ್ಪ. ಆದರೆ ಪಕ್ಕದ ಟವರ್ ಅದೇ ಕಟ್ಟನ್ನು ಇನ್ನೊಬ್ಬರಿಗೆ ಕೊಟ್ಟಿರುತ್ತದೆ. ಜಾತ್ರೆಯ ಸಂಜೆ ನಾವು ಕಂಡ ಮೈನಸ್ 2 ಅಲ್ಲಿಂದ ಬಂದದ್ದು.

5ಜಿ ಬಂದ ಮೇಲೆ ಇದು ಬಗೆಹರಿಯಿತೇ?

ಭಾರತದಲ್ಲಿ 5ಜಿ ಸೇವೆಗೆ 2022ರ ಅಕ್ಟೋಬರ್ 1ರಂದು ಚಾಲನೆ ಸಿಕ್ಕಿತು. ಅದರ ದೊಡ್ಡ ಬಲ, ಒಂದೇ ಫಲಕದಲ್ಲಿರುವ ಹತ್ತಾರು ಆಂಟೆನಾಗಳು. 3.5 ಗಿಗಾಹರ್ಟ್ಸ್‌ನಲ್ಲಿ ಅರ್ಧ ತರಂಗದೂರ ಸುಮಾರು 4.3 ಸೆಂಟಿಮೀಟರ್ ಆದ್ದರಿಂದ 64 ಆಂಟೆನಾ ಒಂದು ಕಿಟಕಿಯ ಗಾತ್ರದಲ್ಲಿ ಹಿಡಿಯುತ್ತವೆ. ಪ್ರತಿ ಬಳಕೆದಾರರ ಕಡೆಗೆ ಪ್ರತ್ಯೇಕ ಕಿರಣ ಕಟ್ಟಿ, ಉಳಿದವರ ದಿಕ್ಕಿನಲ್ಲಿ ಸೊನ್ನೆ ಮಾಡಬಹುದು. ಇಬ್ಬರು ಬೇರೆ ಬೇರೆ ದಿಕ್ಕಿನಲ್ಲಿದ್ದರೆ ಅದ್ಭುತ. ಭುಜಕ್ಕೆ ಭುಜ ತಾಗಿಸಿ ನಿಂತಿದ್ದರೆ ಟವರಿಗೆ ಇಬ್ಬರೂ ಒಂದೇ ದಿಕ್ಕು, ಬೇರ್ಪಡಿಸುವುದು ಕಷ್ಟ. 2010ರಲ್ಲಿ ಸಂಶೋಧಕ ಥಾಮಸ್ ಮಾರ್ಜೆಟ್ಟಾ ಇನ್ನೊಂದು ಮಿತಿಯನ್ನು ಎತ್ತಿ ತೋರಿಸಿದರು: ಚಾನೆಲ್ ಅಳೆಯಲು ಬಳಸುವ ಪೈಲಟ್ ಸಂಕೇತಗಳನ್ನೇ ನೆರೆಯ ಸೆಲ್‌ಗಳು ಮರುಬಳಸಿದರೆ, ಅಳತೆಯಲ್ಲೇ ಅಡ್ಡಿ ಬೆರೆತುಬಿಡುತ್ತದೆ.

ಬಾಡಿಗೆ ಕೋಣೆಗಳಲ್ಲಿ ಎಲ್ಲರ ಬಳಿಯೂ ವೈಫೈ ರೂಟರ್. ಯಾರದೂ ಸರಿಯಾಗಿ ನಡೆಯುವುದಿಲ್ಲ.

2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳ ಅಂತರ 5 ಮೆಗಾಹರ್ಟ್ಸ್, ಆದರೆ ಒಂದೊಂದರ ಅಗಲ ಸುಮಾರು 20. ಒಂದರ ಮೇಲೊಂದು ಬೀಳದಂತೆ ಸಿಗುವುದು 1, 6, 11 ಮಾತ್ರ. ಪಕ್ಕದವರು 1ರಲ್ಲಿ ಇದ್ದಾರೆಂದು ನೀವು 3ಕ್ಕೆ ಹೋದರೆ ಕೆಟ್ಟದಾಗುತ್ತದೆ: ಒಂದೇ ಚಾನೆಲ್‌ನಲ್ಲಿದ್ದರೆ ಎರಡು ರೂಟರುಗಳು ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಕಾಯುತ್ತವೆ, ಅರ್ಧ ಮೇಲೆ ಬಿದ್ದಾಗ ಪರಸ್ಪರ ಅರ್ಥವಾಗದೆ ಬರೀ ಗದ್ದಲವಾಗುತ್ತವೆ. ಹಳೆಯ ಮನೆಗಳ ದಪ್ಪ ಕಲ್ಲಿನ ಗೋಡೆಯ ಆಚೆ-ಈಚೆ ಕೂತ ಇಬ್ಬರಿಗೆ ಒಬ್ಬರ ಲ್ಯಾಪ್‌ಟಾಪ್ ಇನ್ನೊಬ್ಬರದಕ್ಕೆ ಕೇಳಿಸದೆ, ನಡುವಿನ ರೂಟರಿಗೆ ಇಬ್ಬರೂ ಒಟ್ಟಿಗೆ ಕೇಳಿಸುವ ತೊಂದರೆಯೂ ಇದೆ. ಸಾಧ್ಯವಿದ್ದರೆ 5 ಗಿಗಾಹರ್ಟ್ಸ್‌ಗೆ ಬದಲಿಸಿ. ಅದು ಕಲ್ಲಿನ ಗೋಡೆ ದಾಟುವುದಿಲ್ಲ ಎಂದು ದೂರುತ್ತಾರೆ. ಇಲ್ಲಿ ಅದೇ ಉಪಕಾರ, ಪಕ್ಕದವರದೂ ನಿಮ್ಮ ಕೋಣೆಗೆ ಬರುವುದಿಲ್ಲ.

ಅಂಗಡಿಗೆ ಸಿಗ್ನಲ್ ಬೂಸ್ಟರ್ ಹಾಕಿಸಬಹುದೇ?

ದಯವಿಟ್ಟು ಬೇಡ. ಅನುಮತಿಯಿಲ್ಲದ ಬೂಸ್ಟರ್ ಇಟ್ಟುಕೊಳ್ಳುವುದೂ ಮಾರುವುದೂ ಕಾನೂನಿಗೆ ವಿರುದ್ಧ. ಆದರೆ ನನಗೆ ಹೆಚ್ಚು ಸಂಕಟವಾಗುವುದು ಅದರಿಂದ ಇತರರಿಗೆ ಆಗುವ ಹಾನಿಯ ಲೆಕ್ಕ ನೋಡಿದಾಗ. 900 ಮೆಗಾಹರ್ಟ್ಸ್‌ನಲ್ಲಿ 5 ಮೆಗಾಹರ್ಟ್ಸ್ ಅಗಲಕ್ಕೆ ಗದ್ದಲ ಮೈನಸ್ 107 ಡಿಬಿಎಂ. 70 ಡೆಸಿಬಲ್ ವರ್ಧಿಸುವ ಅಗ್ಗದ ಬೂಸ್ಟರ್ ತನ್ನದೇ 6 ಡೆಸಿಬಲ್ ಸೇರಿಸಿ ಮೈನಸ್ 31ರಷ್ಟು ಬರೀ ಗದ್ದಲವನ್ನು ಹೊರಗೆ ಚೆಲ್ಲುತ್ತದೆ. 200 ಮೀಟರ್ ದೂರದಲ್ಲಿ ಅಡೆತಡೆಯಿಲ್ಲದೆ ಕಾಣುವ ಟವರಿಗೆ, ಹಾದಿಯಲ್ಲಿ 77 ಡೆಸಿಬಲ್ ನಷ್ಟವಾಗಿ, ಎರಡು ಕಡೆಯ ಆಂಟೆನಾಗಳಿಂದ 25 ಮರಳಿ ಬಂದರೆ, ಮುಟ್ಟುವುದು ಮೈನಸ್ 83. ಟವರಿನ ಸಹಜ ಗದ್ದಲಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು. ಅಂಗಡಿಯ ಮಾಲೀಕರಿಗೆ ಕಡ್ಡಿ ಪೂರ್ತಿ ಬರುತ್ತದೆ. ಆ ಸೆಲ್‌ನ ಅಂಚಿನಲ್ಲಿರುವ ಮನೆಯ ಅಜ್ಜಿಯ ಮೊಬೈಲ್ ಕೂಗಿದ್ದು ಟವರಿಗೆ ಕೇಳಿಸುವುದೇ ಇಲ್ಲ, ಏಕೆಂದು ಅವರಿಗೆ ಎಂದೂ ತಿಳಿಯುವುದಿಲ್ಲ. ನನಗೆ ಪರಿಚಯದ ಒಬ್ಬ ವ್ಯಾಪಾರಿ ಇದನ್ನು ಕಾಗದದ ಮೇಲೆ ನೋಡಿದ ದಿನವೇ ತಮ್ಮ ಬೂಸ್ಟರ್ ಕಿತ್ತು ಹಾಕಿದರು. ಅವರ ಸೇವಾದಾತರು ವೈಫೈ ಮೂಲಕ ಕರೆ ಮಾಡುವ ಸೌಲಭ್ಯ ಕೊಟ್ಟಿದ್ದರು. ಅದನ್ನು ಚಾಲೂ ಮಾಡಿಕೊಟ್ಟೆ, ಅಂಗಡಿಯೊಳಗೆ ಮಾತು ಸಲೀಸಾಯಿತು.

ಈ ವಿಷಯದಲ್ಲಿ ಅಂತಿಮ ವರ್ಷದ ಪ್ರಾಜೆಕ್ಟ್ ಮಾಡಬೇಕು. ಎಲ್ಲಿಂದ ಆರಂಭಿಸಲಿ?

ಸಿಮ್ಯುಲೇಶನ್‌ನಿಂದ ಬೇಡ. ಮೊದಲು ನಡೆಯಿರಿ. ಮೊಬೈಲಿನಲ್ಲಿ ಉಚಿತವಾಗಿ ಸಿಗುವ ಅಳತೆಯ ಆ್ಯಪ್ ಹಾಕಿಕೊಂಡು ಬಸ್ ನಿಲ್ದಾಣದಿಂದ ಕೋಟೆಯವರೆಗೆ, ನೂರು ಹೆಜ್ಜೆಗೊಮ್ಮೆ ನಿಂತು, ಸೆಲ್ ಸಂಖ್ಯೆ, ಆರ್‌ಎಸ್‌ಆರ್‌ಪಿ, ಎಸ್‌ಐಎನ್‌ಆರ್ ಮೂರನ್ನೂ ಬರೆದುಕೊಳ್ಳಿ. ಬೆಳಿಗ್ಗೆ ಆರಕ್ಕೆ ಒಮ್ಮೆ, ಸಂಜೆ ಏಳಕ್ಕೆ ಒಮ್ಮೆ. ಬಲ ಹೆಚ್ಚಿದ್ದೂ ಎಸ್‌ಐಎನ್‌ಆರ್ ಕಡಿಮೆಯಿರುವ ಜಾಗಗಳಿಗೆ ನಕ್ಷೆಯಲ್ಲಿ ಕೆಂಪು ಚುಕ್ಕಿ ಇಡಿ. ಆಮೇಲೆ ಆಕ್ಟೇವ್ ಅಥವಾ ಪೈಥಾನ್‌ನಲ್ಲಿ ಮಲ್ಲಮ್ಮ-ರಶೀದರ ಲೆಕ್ಕವನ್ನು ಹತ್ತು ಜನರಿಗೆ ವಿಸ್ತರಿಸಿ, ಡಿಕೋರಿಲೇಟರ್ ಮತ್ತು ಎಸ್‌ಐಸಿಗಳನ್ನು ಹೋಲಿಸಿ. ಶಕ್ತಿಗಳ ವ್ಯತ್ಯಾಸವನ್ನು ನಿಮ್ಮ ಮನಸ್ಸಿಗೆ ಬಂದಂತೆ ಹಾಕದೆ ನೀವು ನಡೆದು ಅಳೆದ ಸಂಖ್ಯೆಗಳಿಂದ ತೆಗೆದುಕೊಳ್ಳಿ. ಕೆಂಪು ಚುಕ್ಕಿಗಳಿರುವ ನಕ್ಷೆಯನ್ನು ನನಗೂ ಒಂದು ಪ್ರತಿ ತಂದುಕೊಡಿ. ನನ್ನ ಕೋಣೆಯ ಗೋಡೆಯ ಮೇಲೆ ಜಾಗವಿದೆ.